ನೆಲಕ್ಕೆ ಗೊತ್ತಿಲ್ಲದ ಹೆಜ್ಜೆ

ನಮ್ಮೂರಿನ ನೆಲಕ್ಕೆ ನೆನಪು ಜಾಸ್ತಿ, ಜನಕ್ಕೆ ಕಡಿಮೆ. ಸಿಟ್ಟಿನಲ್ಲಿ ಹೇಳುತ್ತಿದ್ದೇನೆ ಅಂತ ನಿಮಗೆ ಅನ್ನಿಸಿದರೆ ಅದು ಸರಿಯೇ. ಕತೆ ಹೇಳುವವರು ತಣ್ಣಗಿರಬೇಕು, ಹಾಲು ಕಾಯಿಸುವವರ ಹಾಗೆ ಒಂದು ಕಣ್ಣು ಉರಿಯ ಮೇಲಿಟ್ಟಿರಬೇಕು ಅನ್ನುತ್ತಾಳೆ ನನ್ನಜ್ಜಿ. ನನ್ನ ಹಾಲು ಆಗಲೇ ಉಕ್ಕಿ ಒಲೆಯೆಲ್ಲ ಆಗಿದೆ. ಹಾಗೇ ಕೇಳಿ.

ನಮ್ಮೂರಲ್ಲಿ ಹೊಸ ಸೊಸೆಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಯಾರೂ ತೋರಿಸುವುದಿಲ್ಲ. ಹೊಸ್ತಿಲು ದಾಟಿದರೆ ಸಾಕು, ಅತ್ತೆ ಸವೆಸಿದ ದಾರಿಯಲ್ಲಿ ಅವಳ ಕಾಲು ತಾನೇ ಹೋಗಿ ಗೂಡಿನ ಮುಂದೆ ನಿಲ್ಲುತ್ತದೆ. ಒಂದೇ ಜಾಗದಲ್ಲಿ ಒಂದೇ ಥರ ಹೆಜ್ಜೆ ಬೀಳುತ್ತಾ ಬಂದರೆ ನೆಲ ಅದನ್ನು ಕಲಿತುಬಿಡುತ್ತದೆ. ಆಮೇಲೆ ಯಾರು ಬಂದರೂ ಅವರ ಕಾಲಿಗೆ ಅದನ್ನೇ ಕೊಡುತ್ತದೆ. ಹಾಗಾಗಿ ಇಲ್ಲಿ ಕುಡಿದವರು ದಾರಿ ತಪ್ಪುವುದಿಲ್ಲ. ಏನಿದ್ದರೂ ಅಪ್ಪನ ಕಾಲದಲ್ಲಿ ಬಿಟ್ಟ ಹಳೇ ಮನೆಗೆ ಹೋಗಿ ಬೇರೆಯವರ ಜಗಲಿಯ ಮೇಲೆ ಮಲಗಿಬಿಡುತ್ತಾರೆ, ಆ ಮನೆಯವರು ಬೆಳಿಗ್ಗೆ ಕಾಫಿ ಕೊಟ್ಟು ಕಳಿಸುತ್ತಾರೆ. ಹೊಸ ಮನೆ ಕಟ್ಟಿಸಿದವರು ಪುರೋಹಿತರಿಗಿಂತ ಮೊದಲು ಒಳ್ಳೆ ನಡಿಗೆಯವರನ್ನು ಕರೆಸಿ ಕೋಣೆಯಿಂದ ಕೋಣೆಗೆ ಓಡಾಡಿಸುತ್ತಾರೆ. ಕುಂಟುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವ ಕ್ರೂರಿಗಳೂ ಇದ್ದಾರೆ. ಅಜ್ಜ ಹೋಗಿ ಎಷ್ಟೋ ಕಾಲವಾದರೂ ಸಂಜೆಯಾದರೆ ಅಜ್ಜಿಯ ಕಾಲು ನೀರಿನ ಲೋಟದ ಸಮೇತ ಅವನ ಮಂಚದ ಹತ್ತಿರ ಹೋಗಿ ನಿಲ್ಲುತ್ತದೆ. “ಬಂದಿದ್ದು ಬಂದೆ” ಅಂತ ತಾನೇ ಆ ನೀರು ಕುಡಿದು ವಾಪಸು ಬರುತ್ತಾಳೆ.

ಇಂಥ ಊರಿಗೆ ಸ್ವಿಂಗ್ ಬಂದದ್ದು ಹೇಗೆ ಅನ್ನುವುದನ್ನು ಅಜ್ಜಿ ಒಂದೊಂದು ಸಲ ಒಂದೊಂದು ಥರ ಹೇಳುತ್ತಾಳೆ. ಸೇತುವೆ ಕುಸಿದು ಪರ ಊರಿನ ಬ್ಯಾಂಡ್‌ಸೆಟ್ಟೊಂದು ಇಲ್ಲೇ ಸಿಕ್ಕಿಹಾಕಿಕೊಂಡಿತು ಅನ್ನುವುದು ಒಂದು. ಅವರು ನಮ್ಮೂರ ಊಟದ ರುಚಿಗೆ ಉಳಿದುಕೊಂಡು ನೆಪವನ್ನು ಸೇತುವೆಯ ಮೇಲೆ ಹಾಕಿದರು ಅನ್ನುವುದು ಇನ್ನೊಂದು. ಅಂತೂ ಕಹಳೆ, ಕ್ಲಾರಿಯೋನೆಟ್ಟು, ಎದೆ ನಡುಗಿಸುವ ಡೋಲು ಇದ್ದ ಆ ತಂಡದ ಜೊತೆ ಜೋಡಿ ಕುಣಿಯುವವರೂ ಇದ್ದರು. ಸ್ವಿಂಗ್ ಅಂದರೆ ಇಬ್ಬರು ಕೈ ಹಿಡಿದು, ಮಂಡಿ ಸಡಿಲ ಬಿಟ್ಟು, ತಾಳಕ್ಕೆ ಪುಟಿಯುತ್ತಾ ಕುಣಿಯುವ ಕುಣಿತ. ಹಲಗೆ ನೆಲದ ನಮ್ಮ ಕುಣಿತದ ಮನೆಯಲ್ಲಿ ಅವರು ಊರವರಿಗೆ ಮೊದಲ ಪಾಠ ಹೇಳಿಕೊಟ್ಟರು. ಹಿಂದಕ್ಕೊಂದು ಜಾರು ಹೆಜ್ಜೆ, ಮುಂದಕ್ಕೆ ಬಂದು ಈ ಪಕ್ಕಕ್ಕೊಂದು ಪುಟ್ಟ ಕುಪ್ಪಳಿಕೆ, ಆ ಪಕ್ಕಕ್ಕೊಂದು. ನೆಲ ಕಲಿತುಕೊಂಡಿತು. ಸೇತುವೆ ಸರಿಯಾಯಿತು, ತಂಡ ಹೊರಟುಹೋಯಿತು, ಪಾಠ ಅಲ್ಲಿಗೇ ನಿಂತಿತು.

ನಿಂತದ್ದು ನಿಂತೇ ಹೋಯಿತು. ನನಗೆ ಸಿಟ್ಟು ಬರಲು ಶುರುವಾದದ್ದು ಇಲ್ಲಿಂದ. ಪ್ರತಿ ಶನಿವಾರ ಸಂಜೆ, ಈಗ ಊರವರೇ ಊದುವ ಕಹಳೆಗೆ, ಬಡಿಯುವ ಡೋಲಿಗೆ ಕುಣಿಯಲು ಊರಿಗೆ ಊರೇ ಕುಣಿತದ ಮನೆಗೆ ಹೋಗುತ್ತದೆ. ಒಳಗೆ ಕಾಲಿಟ್ಟರೆ ಯಾರಿಗೂ ಕುಣಿತ ಬರುತ್ತದೆ; ಮೊನ್ನೆ ಹುಟ್ಟಿದ ಕೂಸನ್ನು ನಿಲ್ಲಿಸಿದರೂ ಜಾರಿ ಕುಪ್ಪಳಿಸೀತು. ಮುಂದೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಕುಣಿಯುತ್ತಲೇ ಗಂಡಸರು ಬೆಲ್ಲದ ವಿಚಾರ, ಬಾವಿಯ ವಿಚಾರ ಮಾತಾಡುತ್ತಾರೆ, ಹೆಂಗಸರು ಅವರ ಭುಜದ ಆಚೆ ಗೋಡೆ ನೋಡುತ್ತಾರೆ. ಹಾಡು ಮುಗಿದ ಮೇಲೆ ಜನ ಗಂಡಸಿನ ಬೆನ್ನು ತಟ್ಟಿ, “ಚೆನ್ನಾಗಿ ಕುಣಿಸಿದೆ ಕಣಯ್ಯಾ” ಅನ್ನುತ್ತಾರೆ. ಕುಣಿಸಿದ್ದು ನೆಲ, ಕುಣಿದದ್ದು ಅವಳು, ಹೊಗಳಿಕೆ ಇವನಿಗೆ! ನನ್ನನ್ನೂ ಎಷ್ಟೋ ಜನ ಹೀಗೆ ‘ಕುಣಿಸಿದ್ದಾರೆ’. ಒಬ್ಬರಾದರೂ ನನ್ನ ಕೈಯಲ್ಲಿ ಒಂದು ಜೀವ ಇದೆ ಅಂತ ಗಮನಿಸಿದವರಲ್ಲ.

ಮುಂದೆ ಏನೋ ಇದೆ ಅಂತ ನನಗೆ ಗೊತ್ತಿತ್ತು. ಅಜ್ಜಿಯ ಕತೆಯಲ್ಲಿ ಹಳದಿ ಲಂಗದವಳೊಬ್ಬಳು ಬರುತ್ತಾಳೆ. ಬಂದ ತಂಡದವಳು. ಹೊರಡುವ ಮುನ್ನಾದಿನ ಅವಳೂ ಅವಳ ಜೊತೆಗಾರನೂ ಹೊಳೆಯ ಮರಳಲ್ಲಿ ಕುಣಿದರಂತೆ. “ಅವನು ಎಳೆದು ಬಿಟ್ಟ ನೋಡು, ಕವಣೆಯಿಂದ ಹೊರಟ ಕಲ್ಲಿನ ಥರ ಹೋದಳು. ಹೋದಳು ಹೋದಳು, ಇನ್ನೇನು ಕೈ ತಪ್ಪಿತು ಅನ್ನುವಾಗ ಗರ್ರನೆ ತಿರುಗಿ ಅವನ ತೋಳಿನ ಹತ್ತಿರಕ್ಕೇ ಬಂದಳು. ಅವಳು ಹಾರಿದ್ದು ಅವನ ಜೋರಿಗೋ ತನ್ನ ಜೋರಿಗೋ ಗೊತ್ತೇ ಆಗಲಿಲ್ಲ ಕಣೇ.” ಆ ತಿರುಗಿಗೆ ಅಜ್ಜಿ ಇಟ್ಟ ಹೆಸರು ಬೀಸು. ಮರಳಿಗೆ ಯಾವ ಹೆಜ್ಜೆಯೂ ನೆನಪಿರುವುದಿಲ್ಲವಾದ್ದರಿಂದ ಬೀಸು ನಮ್ಮೂರಿನ ಪಾಲಿಗೆ ಬರಿಯ ಕತೆಯಾಗಿ ಉಳಿಯಿತು. ನಾನು ಆ ಕತೆ ಕೇಳಿಕೊಂಡೇ ಬೆಳೆದವಳು. ತಟ್ಟೆಯ ಮುಂದೆ ಕೂತು ಅನ್ನ ಕಲಸುವಾಗಲೂ ನನ್ನ ಮನಸ್ಸು ಆ ಹಳದಿ ಲಂಗದ ಅಂಚಿನಲ್ಲಿ ಸುತ್ತುತ್ತಿರುತ್ತಿತ್ತು.

ಮೊದಲು ಅಡುಗೆಮನೆಯಲ್ಲಿ ಅಭ್ಯಾಸ ಶುರುಮಾಡಿದೆ. ಕಿಟಕಿಯ ಸರಳನ್ನೇ ಜೊತೆಗಾರನ ಕೈ ಅಂದುಕೊಂಡು ಹಿಂದೆ ಸರಿದು, ಹಿಮ್ಮಡಿ ತಿರುಗಿಸಿ ತಿರುಗಿಸಿ ಮುಂದೆ ಬರುವುದು. ಎಲ್ಲಿ ಮಾಡುತ್ತಿದ್ದೇನೆ ಅನ್ನುವ ಪರಿವೆಯೇ ಇರಲಿಲ್ಲ. ಒಂದು ದಿನ ಅಜ್ಜಿ ಸಾರಿನ ಪಾತ್ರೆ ಹಿಡಿದು ಒಲೆಯಿಂದ ಹೊರಟವಳು ಸೊಂಟ ಆ ಕಡೆ, ಈ ಕಡೆ ತಿರುಗಿಸುತ್ತಾ ನಡುಮನೆಗೆ ಬಂದಳು.

“ಏನೇ ಇದು ಹೇಮಿ?” ಅಂತ ಪಾತ್ರೆ ಇಟ್ಟು ಸೊಂಟಕ್ಕೆ ಕೈ ಕೊಟ್ಟಳು. “ನೆಲಕ್ಕೆ ಏನು ತಿನ್ನಿಸಿದ್ದೀಯ? ಈ ವಯಸ್ಸಲ್ಲಿ ನನ್ನನ್ನ ಹಿಂಗೆ ಬಳುಕಿಸ್ತಾ ಇದೀಯಲ್ಲ, ನಿಮ್ಮಜ್ಜ ಇದ್ದಿದ್ದರೆ ಓಡಿಹೋಗಿರೋನು.”

“ಓಡಿ ಬಂದಿರೋನು” ಅಂದೆ.

“ಬಾಯಿ ಮಾತ್ರ ಜೋರು. ಹೋಗು, ಜೊತೆಗೆ ಒಬ್ಬನನ್ನ ಹುಡುಕ್ಕೋ. ಕಿಟಕಿ ಸರಳು ಎಳೆದರೆ ವಾಪಸು ಎಳೆಯುತ್ತೇನೇ?”

ಹುಡುಕಿದೆ. ಬೇಕರಿಯ ಸುಬೋಧ ಸಿಕ್ಕಿದ. ಹಿಟ್ಟು ನಾದಿ ನಾದಿ ಅವನ ಕೈಗೊಂದು ಗುಣ ಬಂದಿತ್ತು. ಗಟ್ಟಿಯಾಗಿ ಹಿಡಿಯದೆಯೂ ಹಿಡಿದುಕೊಂಡಿರುತ್ತಿತ್ತು. ಬೆಳಗಿನ ಬ್ರೆಡ್ಡು ಹೊರಗೆ ಹೋದ ಮೇಲೆ ನಾವು ಹೊಳೆದಂಡೆಗೆ ಹೋಗುತ್ತಿದ್ದೆವು. ಮೊದಲ ದಿನವೇ ಬೈದ.

“ಕೈ ಹಿಂಗೆ ಸತ್ತ ಮೀನಿನ ಥರ ಕೊಡಬೇಡ ಮಾರಾಯ್ತಿ. ನಾನು ಎಳೆದಾಗ ನೀನೂ ಒಂಚೂರು ಎಳಿ. ಹಿಟ್ಟು ನೋಡಿದೀಯಲ್ಲ? ಜಗ್ಗಿದರೆ ಜಗ್ಗಬೇಕು, ಬಿಟ್ಟರೆ ವಾಪಸು ಬರಬೇಕು.”

“ನನ್ನನ್ನ ಹಿಟ್ಟು ಅಂತೀಯಾ?”

“ಮೈದಾ ಅಲ್ಲ, ರಾಗಿ. ಸ್ವಲ್ಪವೂ ಜಗ್ಗಲ್ಲ.”

ನಗುತ್ತಾ, ಜಗಳವಾಡುತ್ತಾ ಕಲಿತೆವು. ಹೆಜ್ಜೆ ಗೊತ್ತಿದ್ದರೆ ಕುಣಿತ ಗೊತ್ತಿದ್ದಂತೆ ಅಲ್ಲ ಅನ್ನುವುದೇ ಮೊದಲು ತಿಳಿದದ್ದು. ಕಾಲು ನೋಡಿಕೊಂಡು ಕುಣಿದರೆ ಭಾರವೆಲ್ಲ ತಲೆಗೆ ಬರುತ್ತದೆ. ನನ್ನ ಭಾರ ನಾನೇ ಹೊತ್ತುಕೊಳ್ಳದಿದ್ದರೆ ಅವನು ಎಳೆದಾಗ ಮುಗ್ಗರಿಸುತ್ತೇನೆ. ಅವನು ಕರೆದ ಮೇಲೆ ಹೋಗಬೇಕು, ಕರೆಯುವ ಮೊದಲೇ ಊಹಿಸಿಕೊಂಡು ಓಡಬಾರದು. ಹೋಗುವಾಗ ಮಾತ್ರ ನನ್ನ ಹೋಗುವಿಕೆ ನನ್ನದೇ. ಅವನು ಬಾಯಲ್ಲೇ ಊದುವ ಕಹಳೆ ಉಸಿರು ತೆಗೆದುಕೊಳ್ಳಲು ನಿಂತರೆ ನಾವೂ ನಿಲ್ಲಬಹುದು. ಇದೊಂದೂ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಮಗೂ ಯಾರೂ ಹೇಳಲಿಲ್ಲ. ಬಿದ್ದು, ಎದ್ದು, ಮಂಡಿಯ ತರಚಿಗೆ ಅರಿಶಿನ ಮೆತ್ತಿಕೊಂಡು ಕಂಡುಕೊಂಡೆವು. ಆದರೆ ಮರಳಲ್ಲಿ ಕಾಲು ಹೂತುಹೋಗುತ್ತದೆ, ನಮ್ಮಂಥ ಹೊಸಬರಿಗೆ ಬೀಸಿನ ತಿರುಗು ಪೂರ್ತಿಯಾಗುವುದಿಲ್ಲ. ಅದಕ್ಕೆ ಹಲಗೆ ನೆಲವೇ ಬೇಕು.

ಹಾಗಾಗಿ ಕುಣಿತದ ಮನೆಯ ಅಧ್ಯಕ್ಷರಾದ ಶೇಷಪ್ಪನವರ ಹತ್ತಿರ ಹೋದೆ. ಅವರು ಜಗಲಿಯಲ್ಲಿ ಎಲೆ ಹಾಕಿಕೊಳ್ಳುತ್ತಿದ್ದರು, ಪಕ್ಕದಲ್ಲಿ ಅವರ ಹೆಂಡತಿ ಕಾಮಾಕ್ಷಮ್ಮ ಎಲೆಗೆ ಸುಣ್ಣ ಸವರುತ್ತಿದ್ದರು.

“ಭಾನುವಾರ ಒಂದು ತರಗತಿ ನಡೆಸ್ತೀನಿ, ಜಾಗ ಕೊಡಿ” ಅಂದೆ. “ಬೇಕಾದವರು ಬಂದು ಮುಂದಿನ ಪಾಠ ಕಲೀಲಿ.”

“ಮುಂದಿನ ಪಾಠವಾ?” ಶೇಷಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. “ಅಲ್ಲ ತಾಯಿ, ನೆಲವೇ ಹೇಳಿಕೊಡುತ್ತಿರುವಾಗ ನೀನೇನು ಹೇಳಿಕೊಡ್ತೀಯ? ನಮ್ಮ ತಾತ ಹಾಕಿಸಿದ ನೆಲ ಅದು. ಅದಕ್ಕೆ ಗೊತ್ತಿಲ್ಲದ್ದು ಯಾವುದಿದೆ?”

“ಇದೆ.”

“ಹಾಗಾದರೆ ವಾರ್ಷಿಕ ಕೂಟದಲ್ಲಿ ಎಲ್ಲರ ಎದುರಿಗೆ ತೋರಿಸು. ನೆಲಕ್ಕೆ ಗೊತ್ತಿಲ್ಲದ್ದು ನಿನಗೆ ಗೊತ್ತಿದ್ದರೆ ತರಗತಿ ನಿಂದು. ಅಲ್ಲೀವರೆಗೆ ಬೆಳಗ್ಗೆ ಹೊತ್ತು ಬಂದು ಎಷ್ಟು ಬೇಕಾದರೂ ಅಭ್ಯಾಸ ಮಾಡ್ಕೋ. ನೆಲ ನಿನ್ನನ್ನ ತಿದ್ದಿ ಸರಿಮಾಡುತ್ತೆ.” ಮತ್ತೆ ನಕ್ಕರು. ಕಾಮಾಕ್ಷಮ್ಮ ನಗಲಿಲ್ಲ. ಎಲೆ ಮಡಿಚಿ ಗಂಡನ ಕೈಗೆ ಕೊಟ್ಟು, “ಮಂಡಿಗೆ ಏನಾಯ್ತೇ?” ಅಂತ ಕೇಳಿದರು. “ಬಿದ್ದೆ ಅಕ್ಕ” ಅಂದೆ. “ಕುಣಿಯೋಕೆ ಹೋಗಿ ಬೀಳಲೂಬಹುದಾ?” ಅಂದರು, ತಮಾಷೆಗೆ ಕೇಳಿದಂತಿರಲಿಲ್ಲ.

ನೋಡಿ, ಅವರೇ ಒಪ್ಪಿಗೆ ಕೊಟ್ಟದ್ದು. ಮುಂದೆ ಆದದ್ದಕ್ಕೆ ಈ ಮಾತು ನಿಮ್ಮ ತಲೆಯಲ್ಲಿರಲಿ. ಅವರ ತಲೆಯಲ್ಲಂತೂ ಉಳಿಯಲಿಲ್ಲ.

ಕೂಟ ಹತ್ತಿರ ಬಂದರೆ ಶನಿವಾರದ ಕುಣಿತಕ್ಕೆ ಬಿಡುವು, ಹಾಗಾಗಿ ದಿನಾ ಬೆಳಿಗ್ಗೆ ನಾನೂ ಸುಬೋಧನೂ ಖಾಲಿ ಕುಣಿತದ ಮನೆಗೆ ಹೋದೆವು. ಮೊದಮೊದಲು ಹಲಗೆ ನಮ್ಮನ್ನು ಹಳೇ ಕುಪ್ಪಳಿಕೆಗೇ ಎಳೆಯುತ್ತಿತ್ತು. ಬೆವರು ಸುರಿಸಿ, ಒಂದೊಂದು ಹೆಜ್ಜೆಯನ್ನೂ ಕೆಸರಿನಿಂದ ಕಿತ್ತ ಹಾಗೆ ಕಿತ್ತು, ಬೀಸನ್ನು ನಿಧಾನಕ್ಕೆ ಕಟ್ಟಿದೆವು. ಒಂದು ಬೆಳಿಗ್ಗೆ ಅದು ಬಂದೇಬಿಟ್ಟಿತು. ಅವನ ಕೈಯಿಂದ ಹೊರಟವಳು ಗೋಡೆಯ ಹತ್ತಿರ ಹೋಗಿ, ಇನ್ನೇನು ಬೆರಳು ಬಿಟ್ಟಿತು ಅನ್ನುವಾಗ ಗರ್ರನೆ ತಿರುಗಿ ಬಂದೆ. ಕಣ್ಣಲ್ಲಿ ನೀರು. ಆದರೆ ಒಂದು ಕಂಟಕ ಉಳಿಯಿತು. ತಿರುಗಿ ಬಂದ ಕೊನೆಗೆ ನನ್ನ ಎಡ ಹಿಮ್ಮಡಿ ಧಪ್ಪನೆ ಸುಬೋಧನ ಕಾಲ್ಬೆರಳ ಮೇಲೆ ಬೀಳುತ್ತಿತ್ತು, ಹಣೆ ಅವನ ಭುಜಕ್ಕೆ ಟಣ್ ಅಂತ ಬಡಿಯುತ್ತಿತ್ತು. ಅವನು “ಅಯ್ಯಪ್ಪೋ” ಅನ್ನುತ್ತಿದ್ದ.

“ನಿನ್ನ ಕಾಲಿಗೂ ನನ್ನ ಕಾಲಿಗೂ ಏನಾದರೂ ಹಳೇ ದ್ವೇಷ ಇದೆಯಾ?” ಅಂತ ಕೇಳಿದ.

ಹೊಳೆದಂಡೆಗೆ ಹೋಗಿ ಆ ಕೊನೆಯನ್ನಷ್ಟೇ ತಿದ್ದಿದೆವು. ಬರುವ ಜೋರನ್ನು ಎರಡು ಮಂಡಿಗೂ ಹಂಚಿ, ಪಾದವನ್ನು ಅರೆಕ್ಷಣ ತಡೆದು ಇಟ್ಟರೆ ಆಯಿತು. ಮರಳಲ್ಲಿ ಚೊಕ್ಕವಾಗಿ ಬರುತ್ತಿತ್ತು. ಹಲಗೆಗೆ ಬಂದರೆ ಮತ್ತೆ ಧಪ್, ಟಣ್, ಅಯ್ಯಪ್ಪೋ. ನನಗೇ ಬುದ್ಧಿಯಿಲ್ಲ, ನನ್ನ ಕಾಲೇ ಸರಿಯಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ತಲೆತಲಾಂತರದಿಂದ ಒಂದೇ ಕುಪ್ಪಳಿಕೆ ತಿಂದು ಹಸಿದಿದ್ದ ಆ ನೆಲ, ಹೊಸದೊಂದು ಸಿಕ್ಕಿದ್ದೇ ತಡ ಗಬಗಬನೆ ನುಂಗುತ್ತಿದೆ ಅನ್ನುವುದು ಹೊಳೆಯಲೇ ಇಲ್ಲ. ಅಡುಗೆಮನೆಯಲ್ಲಿ ಬಳುಕಿದ ಅಜ್ಜಿಯನ್ನು ಕಂಡಮೇಲೂ ಹೊಳೆಯಲಿಲ್ಲ. ಕನಸು ಕಾಣುವವರ ಕಣ್ಣು ನೆಲದ ಕಡೆ ಎಲ್ಲಿ ಹೋಗುತ್ತದೆ?

ವಾರ್ಷಿಕ ಕೂಟದ ಸಂಜೆ ಹೊಸ ಲಂಗ ಉಟ್ಟುಕೊಂಡು ಹೋದೆ. ಅಜ್ಜಿ ಮುಂದಿನ ಬೆಂಚಿನಲ್ಲಿ ಜಾಗ ಹಿಡಿದಿದ್ದಳು. ಪದ್ಧತಿಯ ಪ್ರಕಾರ ಮೊದಲ ಹಾಡಿಗೆ ಶೇಷಪ್ಪನವರೂ ಕಾಮಾಕ್ಷಮ್ಮನೂ, ಅವರ ಹಿಂದೆ ಊರಿನ ಜೋಡಿಗಳೆಲ್ಲವೂ ನೆಲಕ್ಕಿಳಿದವು. ನಮ್ಮ ಸರದಿ ಆಮೇಲೆ. ಡೋಲು ಶುರುವಾಯಿತು. ಹಿಂದಕ್ಕೊಂದು ಜಾರು, ಪಕ್ಕಕ್ಕೊಂದು ಕುಪ್ಪಳಿಕೆ. ಆಮೇಲೆ, ಎಲ್ಲ ಗಂಡಸರ ಕೈಯೂ ಒಟ್ಟಿಗೆ ಚಾಚಿತು. ಎಲ್ಲ ಹೆಂಗಸರೂ ಒಟ್ಟಿಗೆ ಹೊರಟರು. ಜರಿ ಸೀರೆಗಳು, ಹೂವಿನ ದಂಡೆಗಳು, ಕಾಮಾಕ್ಷಮ್ಮನ ದೊಡ್ಡ ಮೈ, ಎಲ್ಲವೂ ಗೋಡೆಯ ತನಕ ಹೋಗಿ ಗರ್ರನೆ ತಿರುಗಿ ಬಂದವು. ಧಪ್. ಊರಿನ ಎಲ್ಲ ಹೆಂಗಸರ ಎಡ ಹಿಮ್ಮಡಿ ಊರಿನ ಎಲ್ಲ ಗಂಡಸರ ಕಾಲ್ಬೆರಳ ಮೇಲೆ. ಟಣ್. ಹಣೆಗಳು ಭುಜಗಳಿಗೆ. “ಅಯ್ಯಪ್ಪೋ!” ಅಂತ ಕುಣಿತದ ಮನೆಗೆ ಮನೆಯೇ ಕೂಗಿತು.

ಆಮೇಲೆ ಚಪ್ಪಾಳೆ, ಶಿಳ್ಳೆ. ಶೇಷಪ್ಪನವರು ಒಂಟಿ ಕಾಲಲ್ಲಿ ಕುಂಟುತ್ತಲೇ ಎರಡೂ ಕೈ ಮೇಲೆತ್ತಿದರು. “ನೋಡಿದ್ರಾ! ನಮ್ಮ ತಾತನ ನೆಲ ಹೊಸ ಹೆಜ್ಜೆ ಹಡೆದಿದೆ! ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿತ್ತು!”

ಹಡೆದಿದೆಯಂತೆ! ನನ್ನ ಮೈಯಲ್ಲಿ ಬೆಂಕಿ ಹತ್ತಿತು. ಬೆಂಚುಗಳ ನಡುವಿನಿಂದ ನುಗ್ಗಿ ಹೋಗಿ ಅವರ ಎದುರಿಗೆ ನಿಂತೆ.

“ಶೇಷಪ್ಪನೋರೇ, ಅದು ನನ್ನ ಬೀಸು. ನಾವಿಬ್ಬರೂ ದಿನಾ ಬಂದು ಇಲ್ಲಿ ಅಭ್ಯಾಸ ಮಾಡಿದ್ದು. ನೀವೇ ಬಾ ಅಂದಿದ್ದು.”

“ನೀನು ಅಭ್ಯಾಸ ಮಾಡಿದ್ದೂ ಈ ನೆಲದ ಮೇಲೆ ತಾನೇ ಮಗಳೇ? ನೆಲ ನಿನಗೆ ಹೇಳಿಕೊಟ್ಟಿದೆ, ನೀನೇ ಮೊದಲು ಕಲಿತೆ. ಪುಣ್ಯವಂತೆ.” ಜನ ತಲೆದೂಗಿದರು.

“ಆ ಕೊನೆಯ ತುಳಿತ ತಪ್ಪು! ನನಗೆ ಸರಿಯಾಗಿ ಬರದೇ ಇದ್ದಿದ್ದು ಅದು! ನೆಲ ಅದನ್ನೂ ಕಲಿತುಬಿಟ್ಟಿದೆ, ಅಷ್ಟೇ.”

“ತಪ್ಪಾ? ಏ, ಅದೇ ಅಲ್ವೇನೇ ಅದರ ಸೊಗಸು!” ಅಂದರು ಯಾರೋ. “ಗಂಡಂಗೆ ಒಂದೇಟು, ಆಮೇಲೆ ಭುಜದ ಮೇಲೆ ತಲೆ. ಎಂಥ ಭಾವ!” ಅಂತ ಇನ್ನೊಬ್ಬರು. ಎಲ್ಲರೂ ನಕ್ಕರು. ನನ್ನ ಹೆಜ್ಜೆಯನ್ನು ಕಿತ್ತುಕೊಂಡದ್ದಷ್ಟೇ ಅಲ್ಲ, ನನ್ನ ತಪ್ಪನ್ನೂ ಬಿಡದೆ ಎತ್ತಿಕೊಂಡು ಹೋಗಿ ಪೂಜೆಗಿಟ್ಟಿದ್ದರು.

“ತರಗತಿಯ ಮಾತು?” ಅಂದೆ.

“ಮಾತು ಏನಿತ್ತು? ನೆಲಕ್ಕೆ ಗೊತ್ತಿಲ್ಲದ್ದು ತೋರಿಸಬೇಕು ಅಂತ ತಾನೇ? ಗೊತ್ತಿದೆಯಲ್ಲಮ್ಮ. ಈಗ ತಾನೇ ಊರೆಲ್ಲ ಕುಣೀತು.”

ಸುಬೋಧ ಬಂದು ನನ್ನ ಪಕ್ಕ ನಿಂತ. “ನಮ್ಮ ಸರದಿ ಇನ್ನೂ ಆಗಿಲ್ಲ” ಅಂದ ಶೇಷಪ್ಪನವರಿಗೆ. ಆಮೇಲೆ ನನ್ನ ಕಿವಿಯಲ್ಲಿ, “ಮರಳಲ್ಲಿ ಮಾಡಿದ ಹಾಗೆ ಮಾಡೋಣ. ನನ್ನ ಕಾಲು ಹೋದರೆ ಹೋಗಲಿ.”

ಕಹಳೆಯವರು ಊದಿದರು. ನಾವಿಬ್ಬರೂ ಹಲಗೆಯ ನಡುವಿಗೆ ಹೋದೆವು. ಅವನು ಎಳೆದ, ನಾನೂ ಎಳೆದೆ, ತೋಳಿನಿಂದ ತೋಳಿಗೆ ಹಿಟ್ಟಿನೆಳೆ ಜಗ್ಗಿತು. ಬಿಟ್ಟ. ಹೋದೆ. ಈ ಹೋಗುವುದನ್ನು ನೆಲವೂ ಮಾಡುತ್ತಿತ್ತು, ಅದರ ಪಾಡಿಗೆ ಅದು ನನ್ನನ್ನು ಹೊತ್ತುಕೊಂಡು ಓಡುತ್ತಿತ್ತು. ನಾನು ಅದಕ್ಕಿಂತ ತುಸು ಹಿಂದೆ ಉಳಿದೆ, ನನ್ನ ಭಾರ ನಾನೇ ಇಟ್ಟುಕೊಂಡೆ. ಗೋಡೆಯ ಹತ್ತಿರ ತಿರುಗಿದೆ. ಬರುವಾಗ ಎಡಗಾಲನ್ನು ನೆಲ ಹಿಡಿಯಿತು. ನೆತ್ತಿಯ ಕೂದಲು ಹಿಡಿದೆಳೆದಂತೆ ಕೆಳಕ್ಕೆ, ಸುಬೋಧನ ಬೆರಳಿನ ಕಡೆಗೆ ಎಳೆಯಿತು. ನಾನು ಕೊಡಲಿಲ್ಲ. ಮೀನಖಂಡ ಸೆಟೆದು ಉರಿಯಿತು. ಆಗ ಕಹಳೆಯವರು ಉಸಿರಿಗೆಂದು ಸ್ವರ ನಿಲ್ಲಿಸಿದರು, ಆ ಖಾಲಿಯಲ್ಲಿ ನಾನೂ ಒಂಟಿ ಕಾಲಲ್ಲಿ ನಿಂತುಬಿಟ್ಟೆ. ನೆಲಕ್ಕೆ ನಿಲ್ಲಲು ಬರುತ್ತಿರಲಿಲ್ಲ. ಅದಕ್ಕೆ ಸಂಗೀತ ಕೇಳಿಸುವುದೇ ಇಲ್ಲ ಅನ್ನುವುದು ಅಂಗಾಲಿಗೆ ಆಗ ತಿಳಿಯಿತು. ಸ್ವರ ಮತ್ತೆ ಎದ್ದಾಗ ಪಾದವನ್ನು ಅವನ ಪಾದದ ಪಕ್ಕಕ್ಕೆ, ಹತ್ತಿಯ ಹಾಗೆ ಇಟ್ಟೆ. ಧಪ್ ಇಲ್ಲ. ಟಣ್ ಇಲ್ಲ. ಸುಬೋಧ ಅಭ್ಯಾಸಬಲದಿಂದ “ಅಯ್ಯ...” ಅಂದವನು ಅರ್ಧಕ್ಕೇ ನಿಲ್ಲಿಸಿದ.

“ತಪ್ಪಿದಳು!” ಅಂತ ಹಿಂದಿನಿಂದ ಯಾರೋ ಕೂಗಿದರು.

“ಹೌದಲ್ಲ, ತುಳೀಲೇ ಇಲ್ಲ!” “ಮರೆತಳು, ಪಾಪ.” “ಎಷ್ಟು ಅಭ್ಯಾಸ ಮಾಡಿದರೇನು, ಕೊನೆಗೆ ಕೈಕೊಟ್ಟಿತು.” ಊರಿಗೆ ಊರೇ ಲೊಚಗುಟ್ಟಿತು. ಶೇಷಪ್ಪನವರು ದೊಡ್ಡ ಮನಸ್ಸು ಮಾಡಿ, “ಪರವಾಗಿಲ್ಲ ತಾಯಿ, ಮುಂದಿನ ವರ್ಷಕ್ಕೆ ಸರಿಹೋಗುತ್ತೆ” ಅಂದರು. ಅಜ್ಜಿಯೊಬ್ಬಳೇ ಬೆಂಚಿನ ಮೇಲೆ ಹತ್ತಿ ನಿಂತು, “ಕಣ್ಣಿಲ್ಲವೇನ್ರೋ ನಿಮಗೆ? ಕಣ್ಣೂ ಅಂಗಾಲಲ್ಲೇ ಇಟ್ಟುಕೊಂಡಿದ್ದೀರಾ?” ಅಂತ ಬೈಯುತ್ತಿದ್ದಳು. ಯಾರಿಗೂ ಕೇಳಿಸಲಿಲ್ಲ, ಮುಂದಿನ ಹಾಡಿಗೆ ಜೋಡಿಗಳು ನೆಲಕ್ಕಿಳಿಯುತ್ತಿದ್ದವು. ಧಪ್. ಟಣ್. ಅಯ್ಯಪ್ಪೋ. ನಾನು ಬಾಗಿಲ ಕಡೆ ಹೊರಟೆ. ಇನ್ನೊಂದು ಕ್ಷಣ ಅಲ್ಲಿದ್ದರೆ ಯಾರ ಕಾಲನ್ನಾದರೂ ಬೇಕೆಂದೇ ತುಳಿದುಬಿಡುತ್ತಿದ್ದೆ.

ಬಾಗಿಲ ಬಳಿ ಯಾರೋ ನನ್ನ ಮೊಣಕೈ ಹಿಡಿದರು. ಕಾಮಾಕ್ಷಮ್ಮ. ಗಂಡನ ಕೈಯನ್ನು ಅಲ್ಲೇ ಹಾಡಿನ ನಡುವೆ ಬಿಟ್ಟು ಬಂದಿದ್ದರು. ಅಧ್ಯಕ್ಷರು ಗಾಳಿಗೆ ಕೈ ಚಾಚಿಕೊಂಡು ಒಬ್ಬರೇ ಕುಪ್ಪಳಿಸುತ್ತಿದ್ದರು. ಓಡಿ ಬಂದ ಉಬ್ಬಸಕ್ಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಸುಧಾರಿಸಿಕೊಂಡರು.

“ಹೇಮಿ,” ಅಂದರು ಮೆತ್ತಗೆ, “ನನಗೆ ಆ ತಪ್ಪು ಹೇಳಿಕೊಡ್ತೀಯಾ?”

ಅದು ತಪ್ಪಲ್ಲ ಅಕ್ಕ ಅಂತ ಚೀರಬೇಕು ಅನ್ನಿಸಿತು. ಅವರ ಮುಖ ನೋಡಿದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

“ಹೇಳಿಕೊಡ್ತೀನಿ” ಅಂದೆ. “ಆದರೆ ಒಂದು ಸಲ ಹೇಳಿಕೊಟ್ಟ ಥರ ಇನ್ನೊಂದು ಸಲ ಹೇಳಿಕೊಡಲ್ಲ.”

“ಅಷ್ಟು ಸಿಟ್ಟೇನೇ ಈ ನೆಲದ ಮೇಲೆ?”

“ಅಷ್ಟು ಸಿಟ್ಟು” ಅಂದೆ, ಮತ್ತು ಅವರ ಕೈಯನ್ನು ತೆಗೆದುಕೊಂಡು, ಎಲ್ಲರ ಬೆನ್ನ ಹಿಂದೆ, ಒಂಚೂರು ಎಳೆದು ನೋಡಿದೆ. ವಾಪಸು ಎಳೆದರು.